ಸಹಾಯ ಬೇಕು: ರಿಲೇ ದೇಶಗಳ ಹೆಡರ್ ಮೇಲ್‌ನಲ್ಲಿ ಕಾಣುತ್ತಿಲ್ಲ

ಪೋಸ್ಟ್‌ಫಿಕ್ಸ್ (ಮೇಲ್ ಸರ್ವರ್), ಸ್ಪ್ಯಾಮ್‌ಅಸ್ಯಾಸಿನ್ 4.0 (ಸ್ಪ್ಯಾಮ್ ಪತ್ತೆ ತಂತ್ರಾಂಶ), ಇವೆರಡರ ನಡುವೆ ಮೇಲ್ ತಪಾಸಣೆ ನಡೆಸುವ ಅಮಾವಿಸ್ ಬಳಸುತ್ತಿರುವವರು ದಯವಿಟ್ಟು ನೋಡಿ. ಸಂದೇಶವೊಂದು ಯಾವ ಯಾವ ದೇಶಗಳ ಸರ್ವರ್ ದಾಟಿ ಬಂತು ಎಂಬುದು ಹೆಡರ್‌ನಲ್ಲೇ (ಮೇಲ್‌ನ ತಲೆಭಾಗದ ಮಾಹಿತಿ ಸಾಲುಗಳಲ್ಲೇ) ಕಾಣಬೇಕು. ಅದಕ್ಕೆ ಸ್ಪ್ಯಾಮ್‌ಅಸ್ಯಾಸಿನ್ ಸಂರಚನೆಯಲ್ಲಿ ರಿಲೇಕಂಟ್ರಿ ಪ್ಲಗಿನ್ ಸಾಲಿನ ಮುಂದಿದ್ದ ಕಾಮೆಂಟ್ ಚಿಹ್ನೆ ತೆಗೆದೆ, ಮ್ಯಾಕ್ಸ್‌ಮೈಂಡ್‌ನ ಜಿಯೋಲೈಟ್2 ಕಡತ (ಐಪಿ ವಿಳಾಸ ಯಾವ ದೇಶದ್ದೆಂದು ಹೇಳುವ ದತ್ತಾಂಶ) ಇಳಿಸಿಕೊಂಡು ಅದರ ದಾರಿಯನ್ನು ಕೊಟ್ಟೆ, ಹೆಡರ್ ಸೇರಿಸಲು ಹೇಳುವ ಆಡ್‌ಹೆಡರ್ ಸಾಲನ್ನೂ ಹಾಕಿದೆ. ಸಂರಚನೆಯ ತಪ್ಪು ಹುಡುಕುವ ಲಿಂಟ್ ಪರೀಕ್ಷೆ ಚಕಾರವೆತ್ತದೆ ಮುಗಿಯುತ್ತದೆ.

ವಿಚಿತ್ರವೆಂದರೆ, ಉಳಿಸಿಟ್ಟ ಮೇಲ್ ಒಂದನ್ನು ಡೀಬಗ್ ಆಯ್ಕೆಯೊಂದಿಗೆ ಸ್ಪ್ಯಾಮ್‌ಅಸ್ಯಾಸಿನ್ ಕಮಾಂಡ್‌ನಲ್ಲಿ ನೇರವಾಗಿ ಓಡಿಸಿದರೆ ‘ಡಿಇ ಎನ್‌ಎಲ್’ ಎಂದು ಜರ್ಮನಿ, ನೆದರ್ಲೆಂಡ್ಸ್ ಎರಡನ್ನೂ ತೋರಿಸುತ್ತದೆ. ಅದೇ ಮೇಲ್ ಅಮಾವಿಸ್ ಮೂಲಕ ಬಂದರೆ ಆ ಹೆಡರ್‌ನ ಸುಳಿವೇ ಇಲ್ಲ. ಅಂದರೆ ದತ್ತಾಂಶದಲ್ಲಿ ದೋಷವಿಲ್ಲ; ಹೆಡರ್ ಬರೆಯುವ ಕೆಲಸವನ್ನು ಅಮಾವಿಸ್ ತಾನೇ ವಹಿಸಿಕೊಂಡು ನನ್ನ ಸಾಲನ್ನು ಕಡೆಗಣಿಸುತ್ತಿದೆ ಎಂಬುದು ನನ್ನ ಗುಮಾನಿ. ಅದರ ಸಂರಚನೆಯಲ್ಲಿ ಈ ಹೆಡರ್‌ಗೆ ಅನುಮತಿ ಕೊಡುವುದು ಎಲ್ಲಿ?

ಇನ್ನೊಂದು ವಿಷಯ. ಕಳುಹಿಸುವವನು ಸುಳ್ಳು ‘ರಿಸೀವ್ಡ್’ ಸಾಲುಗಳನ್ನು (ಮೇಲ್ ದಾಟಿ ಬಂದ ಸರ್ವರ್‌ಗಳ ದಾಖಲೆ) ಸೇರಿಸಬಹುದಾದ್ದರಿಂದ ಇಡೀ ದೇಶಪಟ್ಟಿಯನ್ನು ನಂಬಿ ಸ್ಪ್ಯಾಮ್ ಅಂಕ ಕೊಡಲು ನನಗೆ ಮನಸ್ಸಿಲ್ಲ. ನಮ್ಮ ಸರ್ವರ್‌ಗೆ ನೇರವಾಗಿ ಸಂಪರ್ಕಿಸಿದ ಹೊರಗಿನ ಐಪಿಯ ದೇಶಕ್ಕೆ ಮಾತ್ರ ನಿಯಮ ಬರೆದಿರುವವರು ಅದರ ಮಾದರಿಯನ್ನು ಇಲ್ಲಿ ಹಾಕಿ. ಬೇಕಾದರೆ ಡೀಬಗ್ ಲಾಗ್ ಕೊಡುತ್ತೇನೆ.