ಇಜಿಎಫ್‌ಆರ್ ಎಬ್ಬಿಸುತ್ತಿರುವ ಅಣು ಯಾವುದು, ಪತ್ತೆ ಹೇಗೆ?

ಪ್ರಶ್ನೆ: ಬೇರೆ ಕೋಶಗಳನ್ನು ಬೆಳೆಸಿ ತೆಗೆದ ಮೀಡಿಯಂ ಹಾಕಿದರೆ ಎ431 ಎಂಬ ಮಾನವ ಕ್ಯಾನ್ಸರ್ ಕೋಶಗಳಲ್ಲಿ ಇಜಿಎಫ್‌ಆರ್ (ಬೆಳವಣಿಗೆಯ ಅಂಶ ಇಜಿಎಫ್ ಅಂಟುವ ಗ್ರಾಹಿ) ಫಾಸ್ಫೊರಿಲೇಶನ್, ಅಂದರೆ ಫಾಸ್ಫೇಟ್ ಅಂಟಿ ಅದು ಚುರುಕಾಗುವುದು, ಕಾಣುತ್ತದೆ. ಆದರೆ ಏನೂ ಹಾಕದ ಕಂಟ್ರೋಲ್‌ನಲ್ಲೂ ಬ್ಲಾಟ್ (ಪ್ರೋಟೀನನ್ನು ಗೆರೆಯಾಗಿ ತೋರಿಸುವ ಪರೀಕ್ಷೆ) ಮೇಲೆ ಬ್ಯಾಂಡ್ ದಪ್ಪಗಿದೆ. ಮೀಡಿಯಂ ಅನ್ನು 95 ಡಿಗ್ರಿಯಲ್ಲಿ 10 ನಿಮಿಷ ಕಾಯಿಸಿದರೂ ಅದರ ಕೆಲಸ ನಿಲ್ಲಲಿಲ್ಲ. ಹಾಗಾದರೆ ಅದು ಪ್ರೋಟೀನ್ ಅಲ್ಲವೇ?

ಉತ್ತರ 1: ಮೊದಲು ಕಂಟ್ರೋಲ್ ಸರಿಮಾಡಿ. ಸೀರಂನಲ್ಲೇ ಬೆಳವಣಿಗೆಯ ಅಂಶಗಳಿರುತ್ತವೆ. ಕೋಶಗಳನ್ನು 16 ಗಂಟೆ ಸೀರಂ ಇಲ್ಲದೆ ಇಡಿ. ಮಾದರಿ ಹಾಕಿ 37 ಡಿಗ್ರಿಯಲ್ಲಿ 5 ನಿಮಿಷ, ತಕ್ಷಣ ಐಸ್ ಮೇಲೆ. ಕೋಶ ಒಡೆಯುವ ಲೈಸಿಸ್ ಬಫರಿಗೆ 1 ಮಿಲಿಮೋಲಾರ್ ಸೋಡಿಯಂ ಆರ್ಥೊವನಡೇಟ್ ಬೇಕೇಬೇಕು. ಅದನ್ನು ಪಿಎಚ್ 10ಕ್ಕೆ ತಂದು, ಹಳದಿ ಬಣ್ಣ ಹೋಗುವವರೆಗೆ ಕುದಿಸಿರಬೇಕು, ಇಲ್ಲದಿದ್ದರೆ ಫಾಸ್ಫೇಟ್ ಕಳಚುವ ಕಿಣ್ವ ಫಾಸ್ಫಟೇಸ್ ಸರಿಯಾಗಿ ನಿಲ್ಲುವುದಿಲ್ಲ. ಬ್ಲಾಟ್ ಬ್ಲಾಕಿಂಗಿಗೆ ಹಾಲಿನ ಪುಡಿ ಬೇಡ, 5% ಬಿಎಸ್‌ಎ (ದನದ ಸೀರಂ ಆಲ್ಬ್ಯುಮಿನ್) ಬಳಸಿ. ಹಾಲಿನ ಪ್ರೋಟೀನ್ ಕೇಸೀನೇ ಫಾಸ್ಫೊಪ್ರೋಟೀನ್!

ಉತ್ತರ 2: ಕಾಯಿಸಿದ್ದರಿಂದ ಏನೂ ತೀರ್ಮಾನವಾಗದು. ಇಜಿಎಫ್ 53 ಅಮೈನೊ ಆಮ್ಲಗಳ ಪುಟ್ಟ ಪ್ರೋಟೀನ್, ಮೂರು ಡೈಸಲ್ಫೈಡ್ ಬಂಧಗಳು ಬಿಗಿಹಿಡಿದಿರುವುದರಿಂದ ಶಾಖಕ್ಕೆ ಜಗ್ಗುವುದಿಲ್ಲ. ಮೀಡಿಯಂನಲ್ಲಿ ಡಿಟಿಟಿ ಎಂಬ ರಾಸಾಯನಿಕದಿಂದ ಬಂಧ ಮುರಿದು, ಅದು ಮತ್ತೆ ಕೂಡದಂತೆ ಅಯೊಡೊಅಸಿಟಮೈಡ್ ಹಾಕಿ, ಈ ಎರಡು ರಾಸಾಯನಿಕಗಳನ್ನೂ 3 ಕಿಲೊಡಾಲ್ಟನ್ ಫಿಲ್ಟರಿನಲ್ಲಿ ತೊಳೆದು ತೆಗೆದು ಪರೀಕ್ಷಿಸಿ: ಕೆಲಸ ನಿಂತರೆ ಇಂಥ ಬಂಧಗಳಿರುವ ಪ್ರೋಟೀನ್ ಎಂಬ ಸುಳಿವು. 10ರ ಫಿಲ್ಟರ್ ತಗೊಂಡರೆ 6 ಕಿಲೊಡಾಲ್ಟನ್ನಿನ ಇಜಿಎಫ್ ಸೋರಿಹೋಗುತ್ತದೆ. ಶುದ್ಧ ಇಜಿಎಫನ್ನೂ ಇದೇ ದಾರಿಯಲ್ಲಿ ಜೊತೆಗೆ ನಡೆಸಿ.

ಉತ್ತರ 3: ಒಂದು ಮೋಸ ಉಳಿದಿದೆ. ನಿಮ್ಮ ಅಣು ಇಜಿಎಫ್‌ಆರ್ ಅನ್ನು ಮುಟ್ಟದೆ, ಜಿಪಿಸಿಆರ್ (ಬೇರೊಂದು ಬಗೆಯ ಗ್ರಾಹಿ) ಒಂದನ್ನು ಕೆರಳಿಸಿ, ಎ431 ಮೇಲ್ಮೈಯಲ್ಲೇ ಇರುವ, ಇಜಿಎಫ್‌ಆರ್‌ಗೆ ಅಂಟುವ ಎಚ್‌ಬಿ-ಇಜಿಎಫ್ ಕತ್ತರಿಸಿ ಬಿಡಿಸುತ್ತಿರಬಹುದು. ಇಜಿಎಫ್‌ಆರ್‌ಗೆ ಅಂಟುವ ಆಂಟಿಬಾಡಿ ಸೆಟಕ್ಸಿಮ್ಯಾಬ್ ನೇರ ದಾರಿ, ಅಡ್ಡದಾರಿ ಎರಡನ್ನೂ ತಡೆಯುತ್ತದೆ, ಬೇರ್ಪಡಿಸಿ ತೋರಿಸದು. ಕತ್ತರಿಸುವ ಕಿಣ್ವವಾದ ಮೆಟಲೊಪ್ರೋಟಿಯೇಸ್ ತಡೆಯುವ ಬಾಟಿಮಾಸ್ಟಾಟ್ ಮೊದಲೇ ಕೊಟ್ಟು ನೋಡಿ: ಸಿಗ್ನಲ್ ಬಿದ್ದರೆ ಈ ಅಡ್ಡದಾರಿಯೇ. ಬೀಳದಿದ್ದರೆ ಇಜಿಎಫ್‌ಆರ್‌ಗೆ ಅಂಟುವ ಏಳು ಲಿಗ್ಯಾಂಡ್‌ಗಳ ತಟಸ್ಥಕಾರಿ ಆಂಟಿಬಾಡಿಗಳನ್ನು ಒಂದೊಂದಾಗಿ ಹಾಕಿ. ಎ431ರಲ್ಲಿ ಬೆಳವಣಿಗೆ ಅಳೆಯಲು ಹೋಗಬೇಡಿ, ನ್ಯಾನೊಮೋಲಾರ್ ಇಜಿಎಫ್ ಅವುಗಳ ಬೆಳವಣಿಗೆಯನ್ನು ತಡೆಯುತ್ತದೆ.