ಜಗಲಿಯ ಸಾಗುವಾನಿ ಕಂಬಕ್ಕೆ ಪಾಲಿಶಾ, ಎಣ್ಣೆಯಾ, ಪೇಂಟಾ?

ಮೂಡಿಗೆರೆಯಿಂದ (ಕೇಳಿದವರು): ಅಜ್ಜನ ಕಾಲದ ಮನೆ. ಜಗಲಿಯ ಆರು ಕಂಬ, ಹೆಬ್ಬಾಗಿಲು, ದಾರಂದ ಎಲ್ಲ ಸಾಗುವಾನಿ. ಅಪ್ಪ ಹೊಡೆಸಿದ್ದ ಹಸಿರು ಎನಾಮೆಲ್ ಈಗ ಚಕ್ಕೆ ಚಕ್ಕೆಯಾಗಿ ಏಳುತ್ತಿದೆ. ಮಳೆಯ ಎರಚಲು ನೇರ ಕಂಬಕ್ಕೇ ಬಡಿಯುತ್ತದೆ. ಪೇಂಟ್ ತೆಗೆಸಿ ಪಾಲಿಶ್ ಮಾಡಿಸಲಾ, ಮತ್ತೆ ಪೇಂಟೇ ಹೊಡೆಸಲಾ? ಮಾಡಿಸಿದವರು ಹೇಳಿ.

ಸಕಲೇಶಪುರದಿಂದ: ಪಿಯು (ಪಾಲಿಯುರೆಥೇನ್) ಪಾಲಿಶ್ ಮಾತ್ರ ಬೇಡ. ಮಗಳ ಮದುವೆಗೆ ಅಂತ ನಾಲ್ಕು ಕಂಬ, ಒಂದು ಬಾಗಿಲು ಮಾಡಿಸಿದೆ. ಕೂಲಿಯೇ 22 ಆಳು, ದಿನಕ್ಕೆ 900ರಂತೆ 19,800. ಹಳೇ ಪೇಂಟ್ ತೆಗೆಯುವ ರಿಮೂವರ್, ಉಜ್ಜುವ ಪೇಪರ್, ಪಿಯು, ತಿನ್ನರ್ ಸೇರಿ 17,350. ಒಟ್ಟು 37,150 ರೂಪಾಯಿ. ಪ್ರತಿ ಚೀಟಿ ಇಟ್ಟಿದ್ದೇನೆ. ಮದುವೆ ದಿನ ಕಂಬದಲ್ಲಿ ಮುಖ ಕಾಣುತ್ತಿತ್ತು. ಎರಡನೇ ಮಳೆಗಾಲಕ್ಕೆ ಬುಡದಲ್ಲಿ ಬಿಳಿ ಮಂಜಿನ ಹಾಗೆ ಬಂತು. ಆಮೇಲೆ ಹಾವಿನ ಪೊರೆಯಂತೆ ಸುಲಿದು ಬಂತು. ಕಂಬ ಕೂತಿರುವುದು ಕಲ್ಲಿನ ಮೇಲೆ. ನೀರು ಬುಡದಿಂದ ಹೀರಿಕೊಳ್ಳುತ್ತೆ, ಮೇಲಿನ ಪದರ ಅದನ್ನು ಹೊರಗೆ ಬಿಡಲ್ಲ. ಖಾಲಿ ಡಬ್ಬ ಹುಡುಕಿ ಓದಿದರೆ, ಅದು ಮನೆಯೊಳಗಿನ ಮರಕ್ಕೆ ಹೊಡೆಯುವ ಪಿಯು! ಪಾಲಿಶ್‌ನವನು ಈಗ ಫೋನ್ ಎತ್ತಲ್ಲ.

ಕೊಪ್ಪದಿಂದ: ನಾವು ಒಂಬತ್ತು ವರ್ಷದಿಂದ ಬರೀ ಅಗಸೆ ಎಣ್ಣೆ. ಅದಕ್ಕೆ ಸಮ ಟರ್ಪಂಟೈನ್ ಬೆರೆಸಿ, ಡಿಸೆಂಬರ್ ಬಿಸಿಲಲ್ಲಿ ತೆಳ್ಳಗೆ ಹಚ್ಚಿ, ಕಾಲು ಗಂಟೆ ಬಿಟ್ಟು ಒಣಬಟ್ಟೆಯಲ್ಲಿ ಪೂರ್ತಿ ಒರೆಸುತ್ತೇನೆ. ವರ್ಷಕ್ಕೆ 1,800 ರೂಪಾಯಿ ದಾಟಿಲ್ಲ. ಮೊದಲ ವರ್ಷ ಮಾತ್ರ ಅತ್ತೆ, ನಾನು ಸೇರಿ ದಪ್ಪಗೆ ಬಳಿದು ಹಾಗೇ ಬಿಟ್ಟಿದ್ದೆವು. ತಿಂಗಳಾದರೂ ಅಂಟು ಹೋಗಲಿಲ್ಲ. ಜೂನ್ ಬಂದದ್ದೇ ಕಂಬವೆಲ್ಲ ಕಪ್ಪು ಬೂಷ್ಟು. ಪೂರ್ತಿ ಉಜ್ಜಿ ತೆಗೆಯೋಕೆ ಹನ್ನೊಂದು ದಿನ ಹಿಡಿಯಿತು. ಇನ್ನೊಂದು ವಿಷಯ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಇಡಬೇಡಿ. ನಮ್ಮ ಕಾಫಿ ಚೀಲದ ಪಕ್ಕ ಇಟ್ಟಿದ್ದು ತಾನೇ ಬಿಸಿಯಾಗಿ ಹೊಗೆಯಾಡಿತು, ಎರಡು ಚೀಲ ಸುಟ್ಟವು. ಈಗ ಒಂದೊಂದನ್ನೂ ಬಿಡಿಸಿ ತಂತಿ ಮೇಲೆ ಹರವುತ್ತೇನೆ.

ಚಿಕ್ಕಮಗಳೂರಿಂದ: ಎಣ್ಣೆ ಹಚ್ಚುವವರಿಗೆ ಪ್ರತಿ ಡಿಸೆಂಬರ್ ಪುರುಸೊತ್ತಿರುತ್ತೆ ಅನ್ನಿಸುತ್ತೆ. ನಮಗೆ ಅದು ಕಾಫಿ ಕೊಯ್ಲಿನ ಕಾಲ, ಒಂದು ಆಳೂ ಸಿಗಲ್ಲ. ನಾನೂ ಪೇಂಟ್ ತೆಗೆಸಿ ಮರ ತೋರಿಸಬೇಕು ಅಂತ ಹೊರಟವನೇ. ಯಾರೋ ಹೇಳಿದರು ಅಂತ ಕಾಸ್ಟಿಕ್ ಸೋಡಾ ನೀರು ಬಳಿಸಿದೆ. ಪೇಂಟ್ ಬಂತು, ಜೊತೆಗೆ ಸಾಗುವಾನಿ ಇದ್ದಿಲಿನ ಹಾಗೆ ಕಪ್ಪಾಯಿತು. ಅತ್ತೇ ಬಿಟ್ಟೆ. ಕೊನೆಗೆ ಪ್ರೈಮರ್ ಒಂದು ಕೋಟ್, ಕಂದು ಎನಾಮೆಲ್ ಎರಡು ಕೋಟ್. ಏಳು ಮಳೆಗಾಲ ಕಳೆಯಿತು, ಒಂದು ಚಕ್ಕೆ ಎದ್ದಿಲ್ಲ. ಬಣ್ಣ ಬಿಸಿಲನ್ನು ತಡೆಯುತ್ತೆ. ಪಾರದರ್ಶಕ ಪಾಲಿಶ್ ಬಿಸಿಲನ್ನು ಮರದ ತನಕ ಬಿಡುತ್ತೆ, ಅಲ್ಲಿ ಮರದ ಮೇಲ್ಮೈಯೇ ಸಡಿಲ ಆಗುತ್ತೆ.

ಕೊಪ್ಪದಿಂದ: ಪುರುಸೊತ್ತಿನ ಮಾತು ಬೇಡ ಸಾರ್. ನಮಗೂ ತೋಟ ಇದೆ. ಕೊಯ್ಲಿನವರಿಗೆ ಅಡುಗೆ ಮಾಡಿಟ್ಟು ಆಮೇಲೆ ಕಂಬಕ್ಕೆ ಕೈ ಹಾಕುತ್ತೇನೆ. ಸಾಗುವಾನಿಗೆ ಪೇಂಟ್ ಬಳಿದರೆ ಅದಕ್ಕೂ ಹಲಸಿನ ಹಲಗೆಗೂ ಏನು ವ್ಯತ್ಯಾಸ?

ಚಿಕ್ಕಮಗಳೂರಿಂದ: ಹಲಸಿಗೇನಾಗಿದೆ? ನಮ್ಮ ಅಡುಗೆ ಮನೆ ಬಾಗಿಲು ಹಲಸಿನದೇ. ನಮ್ಮ ತಾತನದಕ್ಕಿಂತ ಹಳೇದು.

ಹಾಸನದಿಂದ: ನಾನು 24 ವರ್ಷದಿಂದ ಪಾಲಿಶ್ ಕೆಲಸ ಮಾಡುವವನು. ಸಕಲೇಶಪುರದವರೇ, ತಪ್ಪೆಲ್ಲ ಪಾಲಿಶ್‌ನವನ ತಲೆಗೆ ಕಟ್ಟಬೇಡಿ. ಮದುವೆ ತಾರೀಕು ಇಟ್ಟುಕೊಂಡು ಹಸಿ ಮರಕ್ಕೆ ಹೊಡಿ ಅಂದವರು ಯಾರು? ನಾನು ಮರದ ತೇವ ಅಳೆಯುವ ಮೀಟರ್ ಚುಚ್ಚಿ ನೋಡದೆ ಡಬ್ಬ ತೆರೆಯಲ್ಲ. ಶೇಕಡಾ 15ಕ್ಕಿಂತ ಜಾಸ್ತಿ ತೋರಿಸಿದರೆ ವಾಪಸ್ ಬರುತ್ತೇನೆ. ಅದಕ್ಕೇ ಎಷ್ಟೋ ಗಿರಾಕಿಗಳು ಕೈ ತಪ್ಪಿದ್ದಾರೆ. ಮೂಡಿಗೆರೆಯವರು ಒಂದು ನೆನಪಿಡಿ: ಎನಾಮೆಲ್‌ನಲ್ಲಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90) ಮಿತಿ ಜಾರಿಗೆ ಬಂದಿದ್ದು 2017ರ ನವೆಂಬರ್‌ನಲ್ಲಿ. ಅಪ್ಪ ಹೊಡೆಸಿದ್ದರಲ್ಲಿ ಸೀಸ ಇರಬಹುದು. ಒಣಗಿದ್ದನ್ನು ಉಜ್ಜಿ ಧೂಳೆಬ್ಬಿಸಬೇಡಿ. ರಿಮೂವರ್ ಹಾಕಿ ಒದ್ದೆ ಇರುವಾಗಲೇ ಕೆರೆಸಿ, ಮಕ್ಕಳನ್ನು ದೂರ ಇಡಿ.

ಸಕಲೇಶಪುರದಿಂದ: ಮದುವೆ ಜನವರಿಯಲ್ಲಿ ಇತ್ತು. ಎರಡು ತಿಂಗಳಿಂದ ಮಳೆ ಇಲ್ಲ. ಯಾವ ಹಸಿ ಮರ? ಒಳಗಿನ ಪಿಯು ಹೊರಗೆ ಹೊಡೆದದ್ದಕ್ಕೂ ನಾನೇ ಹೊಣೆನಾ?

ಬೇಲೂರಿಂದ: ಮಂಗಳೂರು ದಕ್ಕೆಯಲ್ಲಿ ಆರು ವರ್ಷ ದೋಣಿ ರಿಪೇರಿ ಮಾಡಿದ್ದೇನೆ. ಅಲ್ಲಿ ಮರಕ್ಕೆ ಗೇರು ಎಣ್ಣೆ (ಗೇರುಬೀಜದ ಸಿಪ್ಪೆಯದು), ಮೀನೆಣ್ಣೆ ಬಳಿಯುತ್ತಿದ್ದೆವು. ಗೇರು ಎಣ್ಣೆ ತಾಗಿ ನನ್ನ ಮುಂಗೈ ಬೊಬ್ಬೆ ಎದ್ದ ಕಲೆ ಇನ್ನೂ ಇದೆ, ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಶ್ರೀಮಂತರ ಬೋಟಿನ ಸಾಗುವಾನಿ ಡೆಕ್‌ಗೆ ಏನೂ ಬಳಿಯದೇ ಬಿಡುವುದೂ ಉಂಟು. ಬೂದು ಬಣ್ಣಕ್ಕೆ ತಿರುಗುತ್ತೆ, ಅಷ್ಟೇ. ಸಾಗುವಾನಿಗೆ ಅದರದೇ ಎಣ್ಣೆ ಇದೆ. ನನ್ನ ಬಾಗಿಲಿಗೆ ನಾಲ್ಕು ವರ್ಷದಿಂದ ಏನೂ ಹಚ್ಚಿಲ್ಲ.

ಕೊಪ್ಪದಿಂದ: ಬೂದು ಬಾಗಿಲಿಗೆ ಹಬ್ಬದ ದಿನ ತೋರಣ ಹೇಗೆ ಕಟ್ಟುತ್ತೀರಿ ಅಣ್ಣ?

ಬೇಲೂರಿಂದ: ಮೊಳೆ ಹೊಡೆದು ಕಟ್ಟುತ್ತೇವೆ ಅಕ್ಕ. ಆ ತೋರಣ ಕೆಳಗೆ ಬಿದ್ದಿಲ್ಲ.

ಮೂಡಿಗೆರೆಯಿಂದ: ಹಿಂದಿನ ಒಂದು ಕಂಬದ ಬುಡ ರಿಮೂವರ್ ಹಾಕಿ ಕೆರೆದು ನೋಡಿದೆ. ಹಸಿರಿನ ಕೆಳಗೆ ನೀಲಿ, ನೀಲಿ ಕೆಳಗೆ ಕೆಂಪು. ಕೆಂಪಿನ ಕೆಳಗೆ ಮರ ಇನ್ನೂ ಗಟ್ಟಿ ಇದೆ. ಹಾಸನದವರೇ, ಆ ಮೀಟರ್ ಎಲ್ಲಿ ಸಿಗುತ್ತೆ?