ಹವಾಮಾನ ಬದಲಾವಣೆಗೆ ಹೊಂದಿಕೊಳ್ಳಲು ಊರಿನವರೇ ನಡೆಸುವ ಕೆಲಸಕ್ಕೆ ಹಣ ಎಲ್ಲಿಂದ ಬರಬೇಕು, ಯಾರ ಕೈಯಲ್ಲಿರಬೇಕು?

ಪ್ರಶ್ನೆ: ಕಾಫಿ ಬೆಳೆಗಾರ, ಮಾದಾಪುರದ ಕಡೆ

ಮಾನ್ಯರೇ, 2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನ ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡಗಳು ಜರಿದವು. ಮರುವರ್ಷ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಅದೇ ನಡೆಯಿತು. ಅನಂತರ ರಸ್ತೆ, ಸೇತುವೆ, ತಡೆಗೋಡೆಗಳಿಗೆ ಹಣ ಬಂದಿದೆ, ಅದು ಬೇಕಾಗಿಯೂ ಇತ್ತು. ಆದರೆ ನಮ್ಮ ಊರಿನ ಕೆಲವರು ಸೇರಿ ಮಾಡಬೇಕೆಂದಿರುವ ಕೆಲಸಗಳು ಬೇರೆ ಬಗೆಯವು. ಗುಡ್ಡದ ನೆತ್ತಿಯಿಂದ ಇಳಿಯುವ ನೀರನ್ನು ಇಳಿಜಾರಿನಲ್ಲಿ ನಿಲ್ಲಗೊಡದೆ ತೋಡಿಗೆ (ಸಣ್ಣ ಹಳ್ಳಕ್ಕೆ) ತಲುಪಿಸುವ ಚರಂಡಿಗಳನ್ನು ಪ್ರತಿ ವರ್ಷ ಮೇ ತಿಂಗಳಲ್ಲಿ ಬಿಡಿಸುವುದು, ಪಾಳುಬಿದ್ದ ಗದ್ದೆಗಳಲ್ಲಿ ಮತ್ತೆ ನಾಟಿ ಮಾಡಿಸುವುದು, ಕಾಫಿ ಹೂ ಅರಳಲು ಬೇಕಾದ ಬೇಸಿಗೆಯ ಹೂಮಳೆ ಕೈಕೊಟ್ಟ ವರ್ಷ ಕಾಫಿಗೆ ನೀರು ಸಿಗುವಂತೆ ಕೆರೆಯ ಹೂಳು ತೆಗೆಸುವುದು, ಮಳೆಯ ಅಳತೆ ನೋಡಿ ಇಳಿಜಾರಿನ ಮನೆಗಳವರನ್ನು ಮೊದಲೇ ಎಚ್ಚರಿಸುವುದು, ಹೀಗೆ.

ಇವುಗಳಲ್ಲಿ ಯಾವುದೂ ಒಮ್ಮೆ ಮಾಡಿ ಮುಗಿಸುವಂಥದ್ದಲ್ಲ. ವರ್ಷವರ್ಷವೂ ಸ್ವಲ್ಪ ಸ್ವಲ್ಪ ಹಣ ಬೇಕು. ಎಲ್ಲಿ ಕೇಳಿದರೂ ಒಂದು ಕಟ್ಟಡದ ಅಂದಾಜುಪಟ್ಟಿಯನ್ನೇ ಕೇಳುತ್ತಾರೆ. ಇಂತಹ ಕೆಲಸಕ್ಕೆ ಹಣದ ದಾರಿ ಯಾವುದು, ಬಂದ ಹಣವನ್ನು ಪಂಚಾಯಿತಿಯಲ್ಲಿ ಇಡಬೇಕೋ, ಸಹಕಾರ ಸಂಘದಲ್ಲೋ, ಬೇರೆ ಸಮಿತಿಯಲ್ಲೋ ಎಂಬುದನ್ನು ತಿಳಿದವರು ತಿಳಿಸಬೇಕಾಗಿ ಕೋರಿಕೆ.

ಉತ್ತರ 1: ಪಂಚಾಯಿತಿಯ ಮಾಜಿ ಸದಸ್ಯ, ಪೊನ್ನಂಪೇಟೆ

ಹೊಸ ಹಣ ಹುಡುಕುವ ಮೊದಲು ಈಗಾಗಲೇ ಪಂಚಾಯಿತಿಗೆ ಬರುವ ಹಣದ ಕಟ್ಟುಪಾಡುಗಳನ್ನು ತಿಳಿದುಕೊಳ್ಳುವುದು ಒಳ್ಳೆಯದು. ಹದಿನೈದನೆಯ ಹಣಕಾಸು ಆಯೋಗವು 2021ರಿಂದ 2026ರ ಅವಧಿಗೆ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇ 60 ಭಾಗವನ್ನು ನೈರ್ಮಲ್ಯ, ಕುಡಿಯುವ ನೀರು, ಮಳೆನೀರು ಸಂಗ್ರಹದಂತಹ ಕೆಲಸಗಳಿಗೇ ಕಟ್ಟಿಹಾಕಿತ್ತು. ಉಳಿದ ಶೇ 40 ಭಾಗವನ್ನು ಸಂಬಳದಂತಹ ವೆಚ್ಚ ಬಿಟ್ಟು ಸ್ಥಳೀಯ ಅಗತ್ಯಕ್ಕೆ ಬಳಸಬಹುದಿತ್ತು. ಕೂಲಿ ಕೆಲಸಕ್ಕೆ ಉದ್ಯೋಗ ಖಾತ್ರಿ ಇತ್ತು. ಅದರ 2005ರ ಕಾಯ್ದೆಯ ಜಾಗಕ್ಕೆ 2025ರ ಕೊನೆಯಲ್ಲಿ ಬಂದ ಹೊಸ ಕಾಯ್ದೆಯು ಜಲಭದ್ರತೆಯ ಜೊತೆಗೆ ವಿಪರೀತ ಹವಾಮಾನದ ಹಾನಿ ತಗ್ಗಿಸುವ ಕಾಮಗಾರಿಗಳನ್ನೂ ಒಂದು ವಿಭಾಗವಾಗಿ ಹೆಸರಿಸಿದೆ. ನಿಮ್ಮ ಚರಂಡಿ, ಕೆರೆಗಳನ್ನು ಆ ವಿಭಾಗದಲ್ಲಿ ಕೇಳಿ.

ಆದರೆ ಗ್ರಾಮ ಸಭೆಯಲ್ಲಿ ಮಂಡನೆಯಾಗಿ ಪಂಚಾಯಿತಿಯ ವಾರ್ಷಿಕ ಯೋಜನೆಗೆ ಸೇರದ ಕೆಲಸಕ್ಕೆ ಹಣ ಸಿಗುವುದು ಕಷ್ಟ. ನಮ್ಮ ಜಿಲ್ಲೆಯ ಗ್ರಾಮ ಸಭೆಗಳಲ್ಲಿ ಬೆಳೆಗಾರರ ಹಾಜರಾತಿ ತೀರಾ ಕಡಿಮೆ ಎಂಬುದು ನನ್ನ ಅನುಭವ. ಬಂದವರು ರಸ್ತೆಯನ್ನೇ ಕೇಳುತ್ತಾರೆ, ಆದ್ದರಿಂದ ರಸ್ತೆಯೇ ಬರುತ್ತದೆ.

ಉತ್ತರ 2: ಜಲಾನಯನ ಯೋಜನೆಗಳಲ್ಲಿ ಕೆಲಸ ಮಾಡಿದವರು, ಕುಶಾಲನಗರ

ದೊಡ್ಡ ನಿಧಿಗಳ ಬಗ್ಗೆಯೂ ಹೇಳಬೇಕು. ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ಹವಾಮಾನ ಬದಲಾವಣೆಯ ರಾಷ್ಟ್ರೀಯ ಹೊಂದಾಣಿಕೆ ನಿಧಿಯ ಅನುಷ್ಠಾನ ಸಂಸ್ಥೆ ನಬಾರ್ಡ್, ಅಂದರೆ ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕ್. ಅಂತರರಾಷ್ಟ್ರೀಯ ಹೊಂದಾಣಿಕೆ ನಿಧಿಗೂ ಹಸಿರು ಹವಾಮಾನ ನಿಧಿಗೂ ಮಾನ್ಯತೆ ಪಡೆದ ಭಾರತೀಯ ಸಂಸ್ಥೆಗಳಲ್ಲಿ ಅದೂ ಒಂದು. ಈ ದಾರಿಯಲ್ಲಿ ಪ್ರಸ್ತಾವನೆ ಬರೆಯುವುದಕ್ಕೇ ಒಂದು ಕಚೇರಿ ಬೇಕಾಗುತ್ತದೆ. ಒಂದು ಊರಿನ ಚರಂಡಿಯ ಖರ್ಚು ಅವರ ಲೆಕ್ಕಕ್ಕೆ ತೀರಾ ಚಿಕ್ಕದು. ಹಾಗಾಗಿ ಹಣ ಮೇಲಿನಿಂದ ಇಳಿಯುವಾಗ ಪ್ರತಿ ಮೆಟ್ಟಿಲಲ್ಲೂ ತೀರ್ಮಾನ ಬೇರೆಯವರದಾಗುತ್ತದೆ, ಊರಿಗೆ ಬರುವ ಹೊತ್ತಿಗೆ ಕೆಲಸದ ಪಟ್ಟಿ ಮೊದಲೇ ಸಿದ್ಧವಾಗಿರುತ್ತದೆ.

ಇದನ್ನು ತಿರುವುಮುರುವು ಮಾಡಿದ ಉದಾಹರಣೆಗಳಿವೆ. ಕೀನ್ಯಾದ ಇಸಿಯೊಲೊ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂತಹ ಆಡಳಿತ ಘಟಕ) ಮೊದಲು ನಡೆಸಿ ಅನಂತರ ಬೇರೆ ಕೌಂಟಿಗಳಿಗೆ ವಿಸ್ತರಿಸಿದ ಹವಾಮಾನ ನಿಧಿಯಲ್ಲಿ, ಯಾವ ಕೆಲಸ ಮೊದಲು ಎಂಬುದನ್ನು ವಾರ್ಡ್ ಮಟ್ಟದ ಸಮಿತಿಗಳು ನಿರ್ಧರಿಸುತ್ತವೆ, ಮತ್ತು ಹಣದ ದೊಡ್ಡ ಪಾಲು ಆ ಸಮಿತಿಗಳ ಆಯ್ಕೆಗೇ ಮೀಸಲು. ನೇಪಾಳದ 2011ರ ಹವಾಮಾನ ನೀತಿಯು ಲಭ್ಯ ಹಣದ ಶೇ 80ರಷ್ಟಾದರೂ ತಳಮಟ್ಟದ ಕೆಲಸಕ್ಕೆ ಹೋಗಬೇಕೆಂದು ಬರೆದುಕೊಂಡಿತು. ನಮ್ಮಲ್ಲಿ ಅಂತಹ ಬರಹ ಎಲ್ಲಿಯೂ ಇಲ್ಲವೆಂದಲ್ಲ: 1993ರ ಪಂಚಾಯತ್ ರಾಜ್ ಅಧಿನಿಯಮದಲ್ಲಿ ವಾರ್ಡ್ ಸಭೆ, ಗ್ರಾಮ ಸಭೆಗಳಿವೆ. ಸಭೆ ಇದ್ದೂ ಅದರ ಕೈಗೆ ತನ್ನದೇ ಎನ್ನುವ ಹಣ ಇಲ್ಲ ಎಂಬುದೇ ಕೊರತೆ.

ಕೆಲಸದ ಬಗ್ಗೆ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಜಲಸಂರಕ್ಷಣೆ ಎಂದ ಕೂಡಲೇ ಇಂಗುಗುಂಡಿ ತೋಡಿಸುವ ಅಭ್ಯಾಸ ಬಂದಿದೆ, ಗುರಿ ಮುಟ್ಟಿಸಲು ಅದು ಸುಲಭ. ಬಯಲುಸೀಮೆಗೆ ಅದು ಸರಿ. ಆಳವಾದ ಮಣ್ಣಿನ ಕಡಿದಾದ ಇಳಿಜಾರಿನಲ್ಲಿ, ಅದರಲ್ಲೂ ಮನೆ ಕಟ್ಟಲು ಬುಡವನ್ನು ಕಡಿದಿರುವ ಗುಡ್ಡದಲ್ಲಿ, ಮೇಲ್ಭಾಗದಲ್ಲಿ ನೀರು ಇಂಗಿಸುವುದೆಂದರೆ ಮಣ್ಣಿನ ಭಾರವನ್ನೂ ಒಳಗಿನ ನೀರಿನ ಒತ್ತಡವನ್ನೂ ಹೆಚ್ಚಿಸಿದಂತೆ. ತೋಟದ ಸೌಮ್ಯ ಇಳಿಜಾರಿನಲ್ಲಿ ಕಾಫಿ ಗಿಡಗಳ ಸಾಲುಗಳ ನಡುವೆ ನೀರು ಹಿಡಿಯಲು ತೋಡುವ ತೊಟ್ಟಿಲು ಗುಂಡಿ ಒಳ್ಳೆಯದೇ. ನೆತ್ತಿಯಲ್ಲಿ ಬಿರುಕು ಕಂಡ ಗುಡ್ಡದಲ್ಲಿ ಬೇಡವೇ ಬೇಡ. ಎಲ್ಲಿ ಇಂಗಿಸಬೇಕು, ಎಲ್ಲಿ ಹರಿಯಬಿಡಬೇಕು ಎಂಬುದನ್ನು ಆ ಜಾಗದಲ್ಲಿ ನಿಂತು ನೋಡಿದವರು ಹೇಳಬೇಕು. ತೀರ್ಮಾನ ಊರಿನಲ್ಲೇ ಆಗಲಿ ಎನ್ನುವುದಕ್ಕೆ ಇದಕ್ಕಿಂತ ಬಲವಾದ ಕಾರಣ ನನಗೆ ಬೇರೆ ತೋರದು. ಜೊತೆಗೆ ಭೂವಿಜ್ಞಾನಿಯೊಬ್ಬರ ಸಲಹೆಯ ಖರ್ಚನ್ನೂ ಪಟ್ಟಿಯಲ್ಲಿ ಸೇರಿಸಿಕೊಳ್ಳಿ.

ಉತ್ತರ 3: ಶಾಲಾ ಶಿಕ್ಷಕಿ, ಸಿದ್ದಾಪುರ

‘ಊರಿನವರು’ ಎಂದು ಎಲ್ಲರೂ ಬರೆದಿದ್ದೀರಿ, ಆದರೆ ಯಾರನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದೀರಿ ಎಂದು ವಿನಯದಿಂದ ಕೇಳುತ್ತೇನೆ. ನನ್ನ ತರಗತಿಯ ಮಕ್ಕಳಲ್ಲಿ ಹಲವರು ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ, ಹೊಳೆದಂಡೆಯಲ್ಲಿ, ಪೈಸಾರಿ (ಸರ್ಕಾರಿ) ಜಾಗದಲ್ಲಿ ಇರುವವರು. ಯರವ, ಜೇನುಕುರುಬ ಬುಡಕಟ್ಟು ಕುಟುಂಬಗಳ ಹೆಸರಿನಲ್ಲಿ ಸಾಮಾನ್ಯವಾಗಿ ಆರ್‌ಟಿಸಿ (ಪಹಣಿ) ಇರುವುದಿಲ್ಲ. 2019ರಲ್ಲಿ ಕಾವೇರಿ ಉಕ್ಕಿದಾಗ ಕರಡಿಗೋಡು, ಗುಹ್ಯದ ಹೊಳೆದಂಡೆಯ ಮನೆಗಳು ನೀರಿಗೆ ಸಿಕ್ಕಿದವು. ಭೂಮಿಯ ದಾಖಲೆ ಇದ್ದವರೇ ಸಮಿತಿಯ ಸದಸ್ಯರು ಎಂದು ನಿಯಮ ಮಾಡಿದರೆ, ಹಣ ತೋಟದ ಕೆರೆಗೆ ಹೋಗುತ್ತದೆಯೇ ಹೊರತು ಹೊಳೆದಂಡೆಯ ಮನೆಗೆ ಹೋಗುವುದಿಲ್ಲ. ಸ್ತ್ರೀಶಕ್ತಿ ಸಂಘಗಳವರನ್ನೂ ಕಾರ್ಮಿಕರನ್ನೂ ಸಮಿತಿಗೆ ಸೇರಿಸಿ, ಅವರ ದಿನಗೂಲಿ ತಪ್ಪದ ಸಮಯದಲ್ಲಿ ಸಭೆ ಕರೆಯಿರಿ.

ಉತ್ತರ 4: ಹಿರಿಯ ಬೆಳೆಗಾರ, ನಾಪೋಕ್ಲು

ಟೀಚರ್ ಹೇಳಿದ್ದು ಸರಿಯಾಗಿದೆ. ನಾನು ಗದ್ದೆಯ ಬಗ್ಗೆ ಮಾತ್ರ ಹೇಳುತ್ತೇನೆ. ಕಕ್ಕಡದ (ಜುಲೈ–ಆಗಸ್ಟ್) ಮಳೆಯಲ್ಲಿ ನಾಟಿ ಮಾಡಿದ ಗದ್ದೆ ತಿಂಗಳುಗಟ್ಟಲೆ ನೀರು ಹಿಡಿದು ಕೆಳಗಿನ ಬಾವಿ, ತೋಡುಗಳನ್ನು ಕಾಪಾಡುತ್ತದೆ, ಆದರೆ ನಾಟಿ ಮಾಡಿದವನಿಗೆ ಕೂಲಿಯ ಖರ್ಚೂ ಹುಟ್ಟುವುದಿಲ್ಲ. ಕಾಡಾನೆ, ಹಂದಿಯ ಕಾಟ ಬೇರೆ. ಆದ್ದರಿಂದಲೇ ಗದ್ದೆ ಪಾಳುಬೀಳುತ್ತದೆ, ಇಲ್ಲವೇ ಮಣ್ಣು ತುಂಬಿಸಿ ಸೈಟಾಗುತ್ತದೆ. ನಾಟಿಯ ಲಾಭ ಕುಶಾಲನಗರ ದಾಟಿ ಮೈಸೂರು, ಮಂಡ್ಯ, ಬೆಂಗಳೂರಿನವರೆಗೂ ಹರಿಯುತ್ತದೆ. ಕಾವೇರಿ ನೀರು ಕುಡಿಯುವ ನಗರಗಳ ನೀರಿನ ಬಿಲ್ಲಿನಲ್ಲಿ ಒಂದು ಸಣ್ಣ ಪಾಲನ್ನು ಗದ್ದೆ ಉಳಿಸಿಕೊಂಡವರಿಗೆ ಎಕರೆ ಲೆಕ್ಕದಲ್ಲಿ ಕೊಡಬೇಕೆಂದು ನಾನು ಬಲವಾಗಿ ನಂಬುತ್ತೇನೆ. ಇದನ್ನು ದಾನವೆಂದು ಯಾರೂ ಭಾವಿಸಬಾರದು, ಮಾಡಿದ ಕೆಲಸಕ್ಕೆ ಸಲ್ಲಬೇಕಾದ ಹಣ ಅದು.

ಎಚ್ಚರಿಕೆಯ ವಿಷಯಕ್ಕೆ ಹಣ ಹೆಚ್ಚು ಬೇಡ. ನಮ್ಮಲ್ಲಿ ಅನೇಕ ಮನೆಗಳಲ್ಲಿ ತಲೆಮಾರುಗಳಿಂದ ದಿನದ ಮಳೆಯನ್ನು ಇಂಚಿನಲ್ಲಿ ಬರೆದಿಡುವ ರೂಢಿ ಇದೆ. ಆ ಲೆಕ್ಕವನ್ನೂ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳ ಲೆಕ್ಕವನ್ನೂ ಜೊತೆಗಿಟ್ಟು ನೋಡಲು ಒಬ್ಬರಿಗೆ ಮಳೆಗಾಲದ ನಾಲ್ಕು ತಿಂಗಳು ಗೌರವಧನ ಕೊಟ್ಟರೆ ಸಾಕು.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಎಲ್ಲರಿಗೂ ಕೃತಜ್ಞತೆಗಳು. ಚರಂಡಿ ಮತ್ತು ಕೆರೆಯನ್ನು ವಾರ್ಡ್ ಸಭೆಯ ಮೂಲಕ ಪಂಚಾಯಿತಿಯ ಯೋಜನೆಗೆ ಸೇರಿಸುತ್ತೇವೆ. ವರ್ಷವರ್ಷದ ನಿರ್ವಹಣೆಗೆ ಬೆಳೆಗಾರರಿಂದ ಎಕರೆಗಿಷ್ಟು ಎಂದು ವಂತಿಗೆ ಎತ್ತಿ, ಸಹಕಾರ ಸಂಘದಲ್ಲಿ ಪ್ರತ್ಯೇಕ ಖಾತೆ ತೆರೆದು, ಲೈನ್ ಮನೆಯವರೂ ಇರುವ ಸಮಿತಿಯ ಮೂವರ ಸಹಿಯಿಂದ ಮಾತ್ರ ಹಣ ತೆಗೆಯುವಂತೆ ಮಾಡುವ ಆಲೋಚನೆ ಇದೆ. ಲೈನ್ ಮನೆಯವರಿಂದ ವಂತಿಗೆ ಕೇಳುವುದಿಲ್ಲ. ಇಂತಹ ಖಾತೆಗೆ ಸಂಘದ ಉಪನಿಯಮದಲ್ಲಿ ತಿದ್ದುಪಡಿ ಬೇಕಾಗುತ್ತದೆಯೇ ಎಂಬುದನ್ನು ಸಹಕಾರ ಇಲಾಖೆಯ ಅನುಭವವಿರುವವರು ದಯವಿಟ್ಟು ತಿಳಿಸಿ. ಗದ್ದೆಯ ವಿಷಯವನ್ನು ಮುಂದಿನ ಗ್ರಾಮ ಸಭೆಯಲ್ಲಿ ನಿರ್ಣಯವಾಗಿ ಮಂಡಿಸುತ್ತೇವೆ. ಬೇರೆ ಪಂಚಾಯಿತಿಗಳವರೂ ಅದೇ ನಿರ್ಣಯ ಮಾಡಲು ಒಪ್ಪಿದರೆ ಕರಡನ್ನು ಇಲ್ಲಿಯೇ ಹಾಕುತ್ತೇನೆ.